ಬಲಿತ ಬೆಂಡೆಕಾಯಿ ಎಸೀಬೇಡಿ

ಅಕ್ಕ, ಒಂದು ನಿಮಿಷ, ಆ ಬೆಂಡೆಕಾಯಿ ಎಸೀಬೇಡಿ. ಕಾಂಪೌಂಡ್ ಮೇಲಿಂದ ಈ ಕಡೆ ಕೊಡಿ. ಬಲಿತು ನಾರಾಗಿದ್ರೆ ಇನ್ನೂ ಒಳ್ಳೇದು. ಪಲ್ಯಕ್ಕೆ ತುದಿ ಪಟ್ಟನೆ ಮುರಿಯೋ ಎಳೇದು ಬೇಕು, ಈ ಕೆಲಸಕ್ಕೆ ಮುರಿಯದೆ ಬಾಗೋ ಬಲಿತದ್ದೇ ಬೇಕು. ನಿನ್ನೆ ಹೇಳ್ತಿದ್ರಲ್ಲ, ದಸರಾ ರಜಕ್ಕೆ ಬಂದಿರೋ ಮೊಮ್ಮಗಳು ದೀಪಾವಳಿಗೆ ಕೈಯಾರೆ ಕಾರ್ಡ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ, ಅಂಗಡೀಲಿ ಸ್ಟ್ಯಾಂಪಿನ ಸೆಟ್ಟಿಗೆ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದ್ವಿ ಅಂತ. ಆ ಸೆಟ್ಟು ಬೇಡವೇ ಬೇಡ. ನಿಮ್ಮ ತರಕಾರಿ ಬುಟ್ಟಿ, ದೇವರ ಮನೆ, ಹಿತ್ತಲು, ಇಷ್ಟರಲ್ಲೇ ಎಲ್ಲಾ ಇದೆ. ಒಂದು ಆಫೀಸಿನ ಸ್ಟ್ಯಾಂಪ್ ಪ್ಯಾಡು, ಎರಡು ಬಾಟಲಿ ಪೋಸ್ಟರ್ ಕಲರ್ ತಂದರೆ ಮುಗೀತು.

ಬೆಂಡೆಕಾಯಿಯನ್ನ ಚೂಪಾದ ಚಾಕುವಲ್ಲಿ ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಬೇಕು. ತೊಟ್ಟಿನ ಕಡೆ ಎರಡು ಇಂಚು ಉಳಿಸಿಕೊಳ್ಳಿ, ಅದೇ ಹಿಡಿ. ಗರಗಸದ ಥರ ಹಿಂದೆ ಮುಂದೆ ಎಳೆದು ಕುಯ್ದರೆ ಮುಖ ಸಮ ಇರಲ್ಲ, ಅಚ್ಚಲ್ಲಿ ಒಂದು ಎಸಳು ಮೂಡುತ್ತೆ, ಇನ್ನೊಂದು ಮೂಡಲ್ಲ. ಕತ್ತರಿಸಿದ ಮುಖ ನೋಡಿ, ಐದು ಕೋಣೆ, ಐದು ಮೂಲೆ, ಒಂದೊಂದು ಕೋಣೆಯಲ್ಲೂ ಬೀಜ. ಬೀಜಾನ ಕಡ್ಡಿಯಿಂದ ತೆಗೆದರೆ ಟೊಳ್ಳು ಎಸಳಿನ ಹೂವು ಬರುತ್ತೆ, ಬಿಟ್ಟರೆ ನಡುವೆ ಚುಕ್ಕಿ ಇರೋ ಹೂವು. ಕೆಲವು ನಾಟಿ ತಳಿಗಳಲ್ಲಿ ಏಳೆಂಟು ಏಣೂ ಇರುತ್ತೆ, ಅಂಥದ್ದು ಸಿಕ್ಕಿದ್ರೆ ಸೇವಂತಿಗೆ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆದರೆ ಕತ್ತರಿಸಿದ ಕೂಡಲೇ ಬಣ್ಣಕ್ಕೆ ಅದ್ದಬಾರದು. ಲೋಳೆ ಇರುತ್ತಲ್ಲ! ಹಳೇ ಕಾಟನ್ ಸೀರೆ ತುಂಡಿನ ಮೇಲೆ ನಾಲ್ಕು ಸಲ ಒತ್ತಿ ಒರೆಸಿ, ಅರ್ಧ ಗಂಟೆ ಫ್ಯಾನ್ ಕೆಳಗೆ ಮುಖ ಮೇಲೆ ಮಾಡಿ ಇಟ್ಟುಬಿಡಿ. ಆಲೂಗಡ್ಡೆಗೂ ಇದೇ ಮಾತು. ಕುಯ್ದ ಆಲೂಗಡ್ಡೆ ಗಂಜಿನೀರು ಬಿಡ್ತಾನೇ ಇರುತ್ತೆ, ಆ ನೀರು ಬಣ್ಣಕ್ಕೆ ಸೇರಿ ಅಂಚೆಲ್ಲ ಹರಡಿಹೋಗುತ್ತೆ. ಎಲ್ಲರೂ ಅಚ್ಚು ಸರಿ ಇಲ್ಲ, ಕೈ ನಡುಗ್ತು, ಕಾಗದ ಕಳಪೆ ಅಂತಾರೆ. ಹತ್ತರಲ್ಲಿ ಎಂಟು ಸಲ ಕೆಡಿಸೋದು ನೀರು ಅಕ್ಕ. ಅಚ್ಚಲ್ಲಿರೋ ನೀರು, ಇಲ್ಲ ಬಣ್ಣದಲ್ಲಿ ಹೆಚ್ಚಾದ ನೀರು. ಇದೊಂದು ಮಾತು ಮಗುವಿನ ತಲೇಲಿ ಕೂತರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ.

ನಿಮ್ಮ ಯಜಮಾನರು ದಿನಾ ಬೆಳಿಗ್ಗೆ ಮುದ್ರೆ ಹಾಕಿಕೊಳ್ತಾರಲ್ಲ, ಅದನ್ನೇ ತೋರಿಸಿ ಅವಳಿಗೆ. ಗೋಪಿಚಂದನಾನ ಅಂಗೈಯಲ್ಲಿ ತೇಯೋವಾಗ ಎಷ್ಟು ಹನಿ ನೀರು ಹಾಕ್ತಾರೆ, ಹೇಗೆ ಬೆರಳಲ್ಲಿ ಹದ ನೋಡ್ತಾರೆ, ಲೋಹದ ಅಚ್ಚನ್ನ ಎಷ್ಟು ಹಗುರವಾಗಿ ಅದಕ್ಕೆ ತಾಕಿಸ್ತಾರೆ! ನೀರಾದ್ರೆ ಚಕ್ರ ಹೋಗಿ ಬರೀ ಬೊಟ್ಟಾಗುತ್ತೆ. ಗಟ್ಟಿಯಾದ್ರೆ ಅಚ್ಚಲ್ಲೇ ಉಳಿಯುತ್ತೆ. ಆಮೇಲೆ ತೋಳಿನ ಮೇಲೆ ನೇರಕ್ಕೆ ಇಟ್ಟು, ಒತ್ತಿ, ನೇರಕ್ಕೇ ಎತ್ತುತಾರೆ. ತಿರುಗಿಸಲ್ಲ, ಅಲ್ಲಾಡಿಸಲ್ಲ. ಕಾರ್ಡಿಗೆ ಅಚ್ಚು ಹಾಕೋದರಲ್ಲಿ ಇದಕ್ಕಿಂತ ಹೆಚ್ಚಿನ ವಿದ್ಯೆ ಏನೂ ಇಲ್ಲ. ಅವಳಿಗೆ ಅಜ್ಜನೇ ಗುರು.

ಪೋಸ್ಟರ್ ಕಲರಿಗೆ ನೀರು ಬೆರೆಸೋದೇ ಬೇಡ, ಬೆರೆಸಿದ್ರೂ ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ. ತಟ್ಟೇಲಿ ಸುರಿದು ಅದಕ್ಕೇ ಅಚ್ಚನ್ನ ಅದ್ದಬೇಡಿ. ಪಾತ್ರೆ ತೊಳೆಯೋ ಹೊಸ ಸ್ಪಂಜಿನ ತುಂಡೊಂದನ್ನ ತಟ್ಟೇಲಿಟ್ಟು, ಅದರ ಮೇಲೆ ಬಣ್ಣ ಸವರಿ, ಒಳಗೆ ಇಳಿಯೋ ಹಾಗೆ ಬೆರಳಲ್ಲಿ ಒತ್ತಿ. ಈಗ ಅದೇ ಪ್ಯಾಡು. ಅಚ್ಚನ್ನ ಅದರ ಮೇಲೆ ಎರಡು ಮೂರು ಸಲ ಮೆಲ್ಲಗೆ ತಟ್ಟಿದರೆ ಉಬ್ಬಿರೋ ಭಾಗಕ್ಕೆ ಮಾತ್ರ ಬಣ್ಣ ಹತ್ತುತ್ತೆ, ತಗ್ಗಿಗೆ ಇಳಿಯಲ್ಲ. ರಾಜಸ್ಥಾನದ ಬಗ್ರು, ಸಾಂಗಾನೇರದಲ್ಲಿ ಬಟ್ಟೆಗೆ ಅಚ್ಚು ಹಾಕೋ ಕಸುಬುದಾರರದ್ದೂ ಇದೇ ಏರ್ಪಾಡು. ಬಣ್ಣದ ಮರಿಗೆಯೊಳಗೆ ಬಿದಿರಿನ ಜಾಲರಿ ಇಟ್ಟು, ಅದರ ಮೇಲೆ ಬಟ್ಟೆ ಹಾಸಿರ್ತಾರೆ. ಅಚ್ಚು ಆ ಬಟ್ಟೆಯನ್ನ ಮುಟ್ಟುತ್ತೆ, ಬಣ್ಣದಲ್ಲಿ ಮುಳುಗಲ್ಲ. ಮೇಜಿನ ಮೇಲೂ ಗೋಣಿ, ಬಟ್ಟೆ ಪದರ ಪದರವಾಗಿ ಹಾಸಿ ಮೆತ್ತೆ ಮಾಡಿರ್ತಾರೆ, ಅಚ್ಚಿನ ಎಲ್ಲಾ ಭಾಗಾನೂ ಒಂದೇ ಸಮ ಕೂರಲಿ ಅಂತ. ಆ ಮರದ ಅಚ್ಚುಗಳನ್ನ ಕೆತ್ತೋದರಲ್ಲಿ ಗುಜರಾತಿನ ಪೇಥಾಪುರದವರು ಹೆಸರುವಾಸಿ. ಸಾಗುವಾನಿ ಮರದಲ್ಲಿ ಕೆತ್ತಿ, ಬಳಸೋ ಮುಂಚೆ ಕೆಲವು ದಿನ ಎಣ್ಣೇಲಿ ನೆನೆಹಾಕ್ತಾರೆ. ಚಿತ್ರಕಲಾ ಪರಿಷತ್ತಿನಲ್ಲಿ ಕರಕುಶಲ ಮೇಳ ಆದಾಗ ಹೋದರೆ ಅಂಥ ಪುಟ್ಟ ಅಚ್ಚುಗಳು ಒಮ್ಮೊಮ್ಮೆ ಸಿಗುತ್ತವೆ, ಮಾವಿನಕಾಯಿದು ಒಂದು ಇದ್ದರೆ ವರ್ಷಗಟ್ಟಲೆ ಬರುತ್ತೆ. ನಾವು ಗೋಣಿ ಹಾಸಬೇಕಾಗಿಲ್ಲ, ಕಾರ್ಡಿನ ಕೆಳಗೆ ಹಳೇ ವಾರಪತ್ರಿಕೆ ಒಂದಿಟ್ಟರೆ ಸಾಕು. ಬರೀ ಗ್ರಾನೈಟ್ ಕಟ್ಟೆ ಮೇಲೆ ಮಾತ್ರ ಹಾಕಬೇಡಿ.

ಸ್ಟ್ಯಾಂಪ್ ಪ್ಯಾಡಾ? ಅದರ ಸ್ವಭಾವಾನೇ ಬೇರೆ. ಆಫೀಸಲ್ಲಿ ಪ್ಯಾಡು ದಿನವೆಲ್ಲ ತೆರೆದಿದ್ರೂ ಒಣಗಬಾರದು ಅಂತ ಆ ಇಂಕಿಗೆ ಗ್ಲಿಸರಿನ್ ಥರದ್ದು ಸೇರಿಸಿರ್ತಾರೆ. ಹಾಗಾಗಿ ಅದು ಗಾಳಿಗೆ ಆರೋದು ಕಡಿಮೆ, ಕಾಗದ ಹೀರಿಕೊಂಡ್ರೇನೇ ಆರೋದು. ನುಣುಪು ಕಾಗದದ ಮೇಲೆ ಹಾಕಿದರೆ ಮಾರನೇ ದಿನಕ್ಕೂ ಕೈಗೆ ಹತ್ತುತ್ತೆ. ಚಾರ್ಟ್ ಪೇಪರ್ ಬೆಳಕಿಗೆ ಹಿಡಿದು ನೋಡಿ, ಒಂದು ಮಗ್ಗುಲು ಮಿರಮಿರ ಅಂದ್ರೆ ಇನ್ನೊಂದು ಮಗ್ಗುಲು ಮಂಕಾಗಿರುತ್ತೆ. ಮಂಕಿರೋ ಕಡೇನೇ ಹಾಕಬೇಕು. ಡ್ರಾಯಿಂಗ್ ಶೀಟು ಇನ್ನೂ ಒಳ್ಳೇದು.

ಕರಕುಶಲದ ಅಂಗಡೀಲಿ ಪಿಗ್ಮೆಂಟ್ ಇಂಕು ಅಂತ ಬೇರೆ ಮಾರ್ತಾರೆ. ಅದರಲ್ಲಿ ಬಣ್ಣ ಕರಗಿರಲ್ಲ, ನುಣ್ಣನೆ ಪುಡಿಯಾಗಿ ತೇಲ್ತಿರುತ್ತೆ. ಕಾಗದದ ಒಳಕ್ಕೆ ಇಳಿಯದೆ ಮೇಲೇ ಕೂರುತ್ತೆ, ನಿಧಾನಕ್ಕೆ ಆರುತ್ತೆ, ಬಿಸಿಲಿಗೆ ಬೇಗ ಮಾಸಲ್ಲ. ಹಾಗೆ ಒದ್ದೆ ಇರೋವಾಗಲೇ ಅದರ ಮೇಲೆ ಎಂಬಾಸಿಂಗ್ ಪೌಡರ್ ಉದುರಿಸಿ, ಹೆಚ್ಚಾದದ್ದನ್ನ ಕೊಡವಿ, ಬಿಸಿ ಮಾಡಿದರೆ ಪುಡಿ ಕರಗಿ ಚಿನ್ನದ ರೇಖೆ ಉಬ್ಬಿ ನಿಲ್ಲುತ್ತೆ. ಕೂದಲು ಒಣಗಿಸೋ ಡ್ರೈಯರ್ ಆಗಲ್ಲ ಅದಕ್ಕೆ, ಶಾಖ ಸಾಲಲ್ಲ, ಗಾಳಿ ಜೋರಿಗೆ ಪುಡಿ ಹಾರಿಹೋಗುತ್ತೆ. ಇಸ್ತ್ರಿಪೆಟ್ಟಿಗೆ ಕಾಯಿಸಿ, ಕಾರ್ಡಿನ ಬೆನ್ನಿಗೆ ಶಾಖ ಕೊಟ್ಟರೆ ಕರಗುತ್ತೆ, ದೊಡ್ಡವರೇ ಮಾಡಬೇಕು. ಚೆಂದ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಹತ್ತು ವರ್ಷದ ಮಗು ಮೊದಲ ಸಲ ಮಾಡೋವಾಗ ಅದಕ್ಕೆ ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ. ಅದಕ್ಕಿಂತ ಅವಳ ಹತ್ರ ಇರೋ ಸ್ಕೆಚ್ ಪೆನ್ನೇ ಸೊಗಸು. ರಬ್ಬರ್ ಅಚ್ಚಿನ ಮೇಲೆ ಎಲೆಗೆ ಹಸಿರು, ಹೂವಿಗೆ ಕೆಂಪು ಅಂತ ನೇರವಾಗಿ ಬಣ್ಣ ಹಚ್ಚೋದು, ಅಷ್ಟರಲ್ಲಿ ಮೊದಲು ಹಚ್ಚಿದ್ದು ಆರಿರುತ್ತಲ್ಲ, ಒತ್ತೋ ಮುಂಚೆ ಬಾಯಿ ಹತ್ರ ತಂದು ಕನ್ನಡಕಕ್ಕೆ ಊದ್ತೀವಲ್ಲ ಹಾಗೆ ಹಾ ಅಂತ ಬಿಸಿ ಉಸಿರು ಬಿಡೋದು. ಉಸಿರಿನ ತೇವಕ್ಕೆ ಇಂಕು ಮತ್ತೆ ಎಚ್ಚರ ಆಗುತ್ತೆ. ಒಂದೇ ಒತ್ತಿಗೆ ನಾಲ್ಕು ಬಣ್ಣದ ಅಚ್ಚು! ಇದನ್ನ ಮಕ್ಕಳಿಗೆ ತೋರಿಸಿದಾಗ ಅವರ ಮುಖ ನೋಡಬೇಕು ನೀವು.

ಈಗ ನನಗೆ ತುಂಬಾ ಇಷ್ಟವಾದದ್ದು ಹೇಳ್ತೀನಿ, ಇದು ಅಂಗಡೀಲಿ ಸಿಗಲ್ಲ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ತೀವಲ್ಲ, ನಮ್ಮಲ್ಲಿ ಕಾಗದಕ್ಕೆ ಅರಿಶಿನ ತಾಕೋದು ಹೊಸದೇನಲ್ಲ. ಒಂದು ಚಮಚ ಅರಿಶಿನಾನ ಸ್ವಲ್ಪ ಸ್ಯಾನಿಟೈಸರಲ್ಲಿ ಕದಡಿ, ತೆಳು ಬಟ್ಟೇಲಿ ಸೋಸಿ. ಅರಿಶಿನದ ಬಣ್ಣ ನೀರಿಗಿಂತ ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತೆ, ಅದಕ್ಕೇ ಸ್ಯಾನಿಟೈಸರ್. ಒಲೆ, ದೀಪ ಹತ್ರ ಇರಕೂಡದು, ಹೊತ್ತಿಕೊಳ್ಳೋ ಪದಾರ್ಥ. ಆ ಹಳದಿಯನ್ನ ಅಗಲ ಬ್ರಶ್ಶಲ್ಲಿ ಬಿಳಿ ಡ್ರಾಯಿಂಗ್ ಶೀಟಿನ ಮೇಲೆಲ್ಲ ಬಳಿದು, ಪೂರ್ತಿ ಒಣಗಿಸಿ. ಒಣಗಿದ ಮೇಲೆ ಎಲೆ ಅಡಿಕೆ ತಟ್ಟೆಯಿಂದ ಒಂದಿಷ್ಟು ಸುಣ್ಣ ತೆಗೆದು ನೀರಲ್ಲಿ ಕದಡಿ, ಕೆಳಗೆ ಇಳಿಯೋಕೆ ಬಿಡಿ. ಮೇಲೆ ನಿಂತ ತಿಳಿ ಇದೆಯಲ್ಲ, ಅದೇ ಇಂಕು. ನೋಡೋಕೆ ಬರೀ ನೀರು. ಬಟ್ಟೆ ಮಡಿಕೆಯನ್ನ ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತೇವ ಮಾತ್ರ ಉಳಿಸಿ, ಬೆಂಡೆಕಾಯಿಯನ್ನ ಅದಕ್ಕೆ ತಟ್ಟಿ ಹಳದಿ ಕಾಗದದ ಮೇಲೆ ಒತ್ತಿ. ಎತ್ತುತ್ತಿದ್ದ ಹಾಗೇ ಕೆಂಪು ಹೂವು! ಬಣ್ಣ ಇಲ್ಲದ ನೀರಿಂದ ಬಣ್ಣದ ಹೂವು.

ಇದರಲ್ಲಿ ಮಾಯ ಏನಿಲ್ಲ, ನಿಮಗೇ ಗೊತ್ತಿರೋದು. ಮದುಮಕ್ಕಳಿಗೆ ಎತ್ತೋ ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕದಡಿದ ಕೂಡಲೇ ಓಕುಳಿ ಕೆಂಪಾಗುತ್ತಲ್ಲ, ಅದೇ. ಹಿಂದೆ ಕುಂಕುಮ ಮಾಡ್ತಿದ್ದದ್ದೂ ಅರಿಶಿನಾನೇ ಕೆಂಪು ಮಾಡಿ. ಅರಿಶಿನದಲ್ಲಿರೋ ಕರ್ಕ್ಯುಮಿನ್‌ಗೆ ಕ್ಷಾರ ತಾಕಿದ್ರೆ ಕೆಂಪು, ಹುಳಿ ತಾಕಿದ್ರೆ ಮತ್ತೆ ಹಳದಿ. ಅಡಿಗೆ ಸೋಡಾ ನೀರೂ ಆಗುತ್ತೆ, ಆದರೆ ಅದು ಸೌಮ್ಯ, ಕಿತ್ತಳೆಗೆಂಪು ಬರುತ್ತೆ, ಸುಣ್ಣದ್ದು ಗಾಢ. ಹೂವಿನ ನಡುವೆ ಕಿವಿಗೆ ಹಾಕೋ ಹತ್ತಿ ಕಡ್ಡಿಯಿಂದ ಒಂದು ಚುಕ್ಕೆ ನಿಂಬೆರಸ ಇಡಲಿ, ಅಲ್ಲಿ ಮಾತ್ರ ಹಳದಿ ತಿರುಗಿ ಬಂದು ಕೇಸರ ಆಗುತ್ತೆ. ಶಾಲೇಲಿ ಲಿಟ್ಮಸ್ ಕಾಗದ ಅಂತ ಹೇಳಿಕೊಡ್ತಾರಲ್ಲ, ಆ ಪಾಠ ಅವಳಿಗೆ ಇಲ್ಲೇ ಅರ್ಥ ಆಗುತ್ತೆ. ಸುಣ್ಣದ ತಿಳಿ ಕಣ್ಣಿಗೆ ಹಾರಬಾರದು, ಅದೊಂದು ನೀವು ಪಕ್ಕದಲ್ಲಿದ್ದು ನೋಡಿಕೊಳ್ಳಿ. ಇನ್ನೊಂದು, ಈ ಬಣ್ಣ ಚಿರಾಯು ಅಲ್ಲ. ಬಿಸಿಲು ಬಿದ್ದರೆ ಅರಿಶಿನ ಮಾಸುತ್ತೆ, ಕೆಂಪೂ ದಿನ ಕಳೆದ ಹಾಗೆ ಮಂಕಾಗುತ್ತೆ. ಅದಕ್ಕೇ ಕಳಿಸೋ ಹಿಂದಿನ ದಿನ ಮಾಡಿ ಕವರೊಳಗೆ ಹಾಕಿಬಿಡೋದು. ವರ್ಷಗಟ್ಟಲೆ ಶೋಕೇಸಲ್ಲಿ ಇಡೋ ಕಾರ್ಡಾದ್ರೆ ಪೋಸ್ಟರ್ ಕಲರಲ್ಲೇ ಮಾಡಲಿ.

ಹಣತೆ ಬೇಕು ಅಂತಾಳಾ? ಸರಿ ಮತ್ತೆ, ದೀಪಾವಳಿ ಅಲ್ವಾ. ಚಿಕ್ಕ ಆಲೂಗಡ್ಡೆಯನ್ನ ಉದ್ದಕ್ಕೆ ಎರಡು ಮಾಡಿ, ಒಂದು ಹೋಳನ್ನ ಮತ್ತೆ ಎರಡು ಮಾಡಿದ್ರೆ ಮುಖ ಅರ್ಧಚಂದ್ರ. ಅದೇ ಹಣತೆ, ಕೆತ್ತೋದೇನೂ ಇಲ್ಲ. ಜ್ವಾಲೆಗೆ ಅವಳ ಹೆಬ್ಬೆರಳೇ ಇದೆ. ಬೆರಳ ತುದಿಗೆ ಕೆಂಪು, ಕೆಳಗೆ ಹಳದಿ ಹಚ್ಚಿ ಹಣತೆ ಬಾಯಿ ಮೇಲೆ ಒಂದು ಸಲ ಒತ್ತಿದರೆ ಎರಡೂ ಬಣ್ಣ ಕೂಡಿದ ಕಡೆ ಕಿತ್ತಳೆಯಾಗಿ, ಬೆರಳಿನ ಗೆರೆಗಳೆಲ್ಲ ಜ್ವಾಲೇಲಿ ಮೂಡುತ್ತೆ. ಅಜ್ಜಿಗೆ ಬಂದ ಕಾರ್ಡಲ್ಲಿ ಮೊಮ್ಮಗಳ ಹೆಬ್ಬೆಟ್ಟೇ ದೀಪ ಆಗಿದ್ರೆ ಯಾರು ತಾನೇ ಎಸೀತಾರೆ ಹೇಳಿ. ಕೈ ಕಲೆ ಹೋಗುತ್ತಾ ಅಂತ ಹೆದರಬೇಡಿ, ಪೋಸ್ಟರ್ ಕಲರ್ ಸೋಪಿಗೆ ಹೋಗುತ್ತೆ. ಹೋಗದೆ ಇರೋದು ವೋಟಿಗೆ ಹಾಕೋ ಇಂಕು. ಅದು ನಮ್ಮ ಮೈಸೂರಿಂದೇ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಕಾರ್ಖಾನೇಲಿ ತಯಾರಾಗೋದು, 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅದೇ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತೆ, ಬೆಳಕು ಬಿದ್ದ ಹಾಗೆ ಚರ್ಮಕ್ಕೇ ಕಚ್ಚಿಕೊಳ್ಳುತ್ತೆ. ನಮ್ಮ ಆಟಕ್ಕೆ ಅಂಥದ್ದು ಬೇಕಿಲ್ಲ.

ಹಣತೆಗಳ ಸಾಲು ಬೇಕು ಅಂದ್ರೆ ಒಂದು ಉಪಾಯ ಇದೆ. ಮುಂದಿನ ಹಣತೆ ಮೊದಲು, ಹಿಂದಿನದು ಆಮೇಲೆ. ಮೊದಲು ಎದುರಿನ ಹಣತೆಯ ಅಚ್ಚು ಹಾಕಿ ಒಣಗಿಸಬೇಕು. ಅದೇ ಅಚ್ಚನ್ನ ಬೇರೆ ತೆಳು ಕಾಗದದ ಮೇಲೆ ಹಾಕಿ, ಕತ್ತರಿಸಿ, ಕಾರ್ಡಿನ ಹಣತೆ ಮೇಲೆ ಸರಿಯಾಗಿ ಮುಚ್ಚಬೇಕು. ಅಂಟೋ ಚೀಟಿ ಬರುತ್ತಲ್ಲ ಆಫೀಸಲ್ಲಿ, ಅದಾದರೆ ಜಾರಲ್ಲ. ಈಗ ಅದರ ಮೇಲೇ ಅರ್ಧ ಬೀಳೋ ಹಾಗೆ ಇನ್ನೊಂದು ಅಚ್ಚು ಹಾಕಿ ಚೀಟಿ ತೆಗೆದರೆ, ಎರಡನೇ ಹಣತೆ ಮೊದಲನೇದರ ಹಿಂದೆ ಅಡಗಿ ನಿಂತಿರುತ್ತೆ. ದೂರದ ಹಣತೆ ಮಸುಕಾಗಿ ಕಾಣಲಿ ಅಂದ್ರೆ ಬಣ್ಣ ಹಚ್ಚಿದ ಅಚ್ಚನ್ನ ಮೊದಲು ರಫ್ ಕಾಗದದ ಮೇಲೆ ಒಂದು ಸಲ ಒತ್ತಿ, ಉಳಿದ ಬಣ್ಣದಲ್ಲಿ ಕಾರ್ಡಿನ ಮೇಲೆ ಒತ್ತೋದು. ಒಂದೇ ಬಣ್ಣ, ಎರಡು ಛಾಯೆ.

ಅಕ್ಷರದ ಅಚ್ಚು? ಅದು ಸ್ವಲ್ಪ ಕಷ್ಟ ಅಕ್ಕ. ಅಚ್ಚಲ್ಲಿ ಎಲ್ಲಾ ಉಲ್ಟಾ ಕೆತ್ತಬೇಕಲ್ಲ. ಮಾಡಲೇಬೇಕು ಅಂದ್ರೆ ಅವಳ ಜಾಮೆಟ್ರಿ ಬಾಕ್ಸಿನ ದೊಡ್ಡ ರಬ್ಬರ್ ತಗೊಳ್ಳಿ. ಬಟರ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲಲ್ಲಿ ಅಕ್ಷರ ಸೀದಾ ಬರೆದು, ಬರೆದ ಮುಖ ಕೆಳಗೆ ಮಾಡಿ ರಬ್ಬರ್ ಮೇಲಿಟ್ಟು ಉಗುರಿಂದ ಉಜ್ಜಿದರೆ ಸೀಸ ಅದಕ್ಕೆ ಇಳಿಯುತ್ತೆ, ತಾನಾಗೇ ಉಲ್ಟಾ. ಆಮೇಲೆ ಅಕ್ಷರದ ಸುತ್ತ ಕಟ್ಟರ್ ಬ್ಲೇಡಲ್ಲಿ ಕುಯ್ಯೋದು. ಬ್ಲೇಡು ಹೊರಗಡೆಗೆ ಇಳಿಜಾರಾಗಿ ಹೋಗಬೇಕು, ಬುಡ ಅಗಲ ಉಳಿಬೇಕು. ಬುಡ ಸಣ್ಣ ಆದರೆ ಒತ್ತಿದಾಗ ಗೆರೆ ಮಗುಚಿಕೊಳ್ಳುತ್ತೆ. ಆದರೆ ನಮ್ಮ ಅಕ್ಷರಗಳ ಸುರುಳಿ, ಕೊಂಬು, ಒತ್ತು ಇವನ್ನೆಲ್ಲ ರಬ್ಬರಲ್ಲಿ ಕೆತ್ತೋದು ಪಳಗಿದ ಕೈಗೇ ಸವಾಲು. ನನ್ನ ಕೇಳಿದ್ರೆ ಚಿತ್ರ ಅಚ್ಚಲ್ಲಿರಲಿ, ಮಾತು ಅವಳ ಕೈಬರಹದಲ್ಲೇ ಇರಲಿ. ಸೀಲು ಮಾಡೋ ಅಂಗಡೀಲಿ ‘ದೀಪಾವಳಿಯ ಶುಭಾಶಯಗಳು’ ಅಂತ ಠಸ್ಸೆ ಮಾಡಿಸಬಹುದು, ಆದರೆ ಹೊಡೆದ ಮೇಲೆ ಕಾರ್ಡು ಅರ್ಜಿ ಥರ ಕಾಣುತ್ತೆ.

ಹಿತ್ತಲಲ್ಲಿ ಸೀಬೆ ಗಿಡ ಇದೆಯಲ್ಲ ನಿಮ್ಮದು, ಅದರ ಎಲೆ ಕೆಳಮುಖ ಮುಟ್ಟಿ ನೋಡಿ, ನರ ಎಲ್ಲಾ ಉಬ್ಬಿವೆ. ಆ ಕೆಳಮುಖಕ್ಕೇ ಬಣ್ಣ ಸವರಿ, ಕಾರ್ಡಿನ ಮೇಲಿಟ್ಟು, ಮೇಲೊಂದು ಪೇಪರ್ ಮುಚ್ಚಿ ಬೆರಳಲ್ಲಿ ನಡುವಿಂದ ಅಂಚಿಗೆ ಉಜ್ಜಬೇಕು. ನರನರವೂ ಬರುತ್ತೆ. ಮಾವಿನೆಲೆ ಮೇಣದ ಹಾಗೆ ನುಣುಪು, ನೀರಾದ ಬಣ್ಣ ಅದರ ಮೇಲೆ ಹನಿಹನಿಯಾಗಿ ನಿಂತುಬಿಡುತ್ತೆ, ಅದಕ್ಕೆ ಗಟ್ಟಿ ಬಣ್ಣವೇ ಬೇಕು. ಬಾಳೆ ಪಟ್ಟೆ ಅಡ್ಡ ಕುಯ್ದರೆ ಒಳಗೆಲ್ಲ ಗಾಳಿಗೂಡು, ಜೇನುಹುಟ್ಟಿನಂಥ ಜಾಲಿಯ ಅರ್ಧಚಂದ್ರ. ಅಂಚಿಗೆ ಸಾಲಾಗಿ ಹಾಕಿದರೆ ಬೇರೆ ಬಾರ್ಡರೇ ಬೇಡ. ಆದರೆ ಅದರಲ್ಲಿ ನೀರು ಬಹಳ, ಗಂಟೆಗಟ್ಟಲೆ ಆರಿಸಬೇಕು.

ಅಪ್ಪ ಅಮ್ಮನಿಗೆ ಪುರುಸೊತ್ತಿಲ್ಲ, ಮೊಬೈಲಲ್ಲೇ ಕಳಿಸೋಣ ಅಂತಾರಾ? ಕ್ರಿಸ್ಮಸ್ ಕಾರ್ಡ್ ಹುಟ್ಟಿದ್ದೇ ಪುರುಸೊತ್ತಿಲ್ಲದವರಿಂದ ಅಂತ ಹೇಳಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನೋರು, ಹಬ್ಬಕ್ಕೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯೋಕೆ ಆಗದೆ, ಹಾರ್ಸ್ಲಿ ಅನ್ನೋ ಚಿತ್ರಕಾರರ ಕೈಲಿ ಚಿತ್ರ ಬರೆಸಿ ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅದೇ. ಅದಕ್ಕೂ ಬಣ್ಣ ತುಂಬಿದ್ದು ಕೈಯಲ್ಲೇ. ನಮ್ಮಲ್ಲಿ ಸಂಕ್ರಾಂತಿಗೆ ಕಾರ್ಡಿನ ಜೊತೆ ಒಂದು ಚಿಟಿಕೆ ಕುಸುರೆಳ್ಳು ಪೊಟ್ಟಣ ಕಟ್ಟಿ ಅಂಚೆಗೆ ಹಾಕ್ತಿದ್ದದ್ದು ನೆನಪಿದೆಯಲ್ಲ ನಿಮಗೂ? ಮೊಬೈಲಲ್ಲಿ ಬಂದದ್ದನ್ನ ಯಾರೂ ಟ್ರಂಕಲ್ಲಿ ಎತ್ತಿಡಲ್ಲ. ನನ್ನ ಹತ್ರ ಅಂಥ ಕಾರ್ಡುಗಳು ಒಂದು ಡಬ್ಬಿ ತುಂಬಾ ಇವೆ, ಬಂದಾಗ ತೋರಿಸ್ತೀನಿ.

ಹಾಳೆ ಮಡಿಸೋದು ಒಂದು ಹೇಳಿಬಿಡ್ತೀನಿ. ಎ4 ಡ್ರಾಯಿಂಗ್ ಶೀಟನ್ನ ಅರ್ಧ ಕತ್ತರಿಸಿ, ಆ ಅರ್ಧವನ್ನ ಮಡಿಸಿದ್ರೆ 10.5 ಸೆಂಟಿಮೀಟರ್ ಅಗಲ, 14.8 ಉದ್ದದ ಕಾರ್ಡು, ಒಂದು ಹಾಳೆಗೆ ಎರಡು. ದಪ್ಪ ಹಾಳೆ ಸುಮ್ಮನೆ ಮಡಿಸಿದ್ರೆ ಬೆನ್ನು ಬಿರಿಯುತ್ತೆ. ಇಂಕು ಮುಗಿದ ಬಾಲ್‌ಪೆನ್ನಲ್ಲಿ ಸ್ಕೇಲ್ ಇಟ್ಟು ಒತ್ತಿ ಗೆರೆ ಎಳೆದು ಆಮೇಲೆ ಮಡಿಸಲಿ. ಅಚ್ಚು ಹಾಕೋದು ಮಡಿಸಿದ ಮೇಲಲ್ಲ, ಹಾಳೆ ಬಿಡಿಸಿ ಚಪ್ಪಟೆ ಇರೋವಾಗ.

ಮೆಲ್ಬರ್ನಿನಲ್ಲಿರೋ ಅಣ್ಣನಿಗೂ ಕಳಿಸ್ತಾಳಾ? ಹಾಗಾದ್ರೆ ಒಣಗಿದ ಹೂವು, ಎಲೆ, ಬೀಜ ಇಂಥದ್ದೇನೂ ಅಂಟಿಸೋದು ಬೇಡ ಅನ್ನಿ. ಆಸ್ಟ್ರೇಲಿಯಾದಲ್ಲಿ ಹೊರಗಿಂದ ಬರೋ ಗಿಡಮೂಲದ ಪದಾರ್ಥಗಳಿಗೆ ಬಿಗಿ ತಪಾಸಣೆ, ಹಿಡಿದಿಟ್ಟುಕೊಳ್ತಾರೆ. ಎಲೆ ಇಲ್ಲೇ ಇರಲಿ, ಎಲೆಯ ಅಚ್ಚು ಹೋಗಲಿ. ಕವರ್ ಮೇಲೆ ವಿಳಾಸ ಬಾಲ್‌ಪೆನ್ನಲ್ಲೇ ಬರೀಲಿ, ಸ್ಕೆಚ್ ಪೆನ್ನಲ್ಲಿ ಬರೆದರೆ ಒಂದು ಹನಿ ಮಳೆಗೆ ಊರೇ ಅಳಿಸಿಹೋಗುತ್ತೆ.

ನಾಳೆ ಹತ್ತು ಗಂಟೆಗೆ ಕಳಿಸಿ ಅವಳನ್ನ, ಹಳೇ ಫ್ರಾಕ್ ಹಾಕಿ. ಅರಿಶಿನ ಬಿದ್ದ ಕಡೆ ಸೋಪು ಉಜ್ಜಬೇಡಿ ಮತ್ತೆ, ಸೋಪೂ ಕ್ಷಾರವೇ, ಕಲೆ ಕೆಂಪಾಗಿಬಿಡುತ್ತೆ. ಬರೀ ನೀರಲ್ಲಿ ಹಿಂಡಿ ಬಿಸಿಲಿಗೆ ಹರವಿ.